ನೀವು ಕೇಳಿದಿರಿ: ಇಳಿಜಾರಿನ ಅಂಗಳಕ್ಕೆ ಪೋರ್ಸಲೇನ್ ಟೈಲು

ಪ್ರಶ್ನೆ: ಕೊಡಗಿನ ನಾಪೋಕ್ಲು ಹತ್ತಿರ ನಮ್ಮ ಮನೆ. ಹಿಂದೆ ತೋಟದ ಕಡೆ ಬರೆ (ಗುಡ್ಡದ ಇಳಿಜಾರು ಬದಿ) ಕಡಿದು, ಮಣ್ಣು ತುಂಬಿಸಿ 12 ಅಡಿ ಅಗಲ, 15 ಅಡಿ ಉದ್ದದ ಜಾಗ ಮಾಡಿದ್ದೇವೆ. ಕುರ್ಚಿ ಹಾಕಿ ಕೂರಲು ಅಲ್ಲಿ ಪೋರ್ಸಲೇನ್ ಟೈಲು ಹಾಸುವ ಆಸೆ. ಆದರೆ ಜಗಲಿಯ ಹೊಳೆಯುವ ಟೈಲಿನ ಮೇಲೆ ಅತ್ತೆ ಒಮ್ಮೆ ಜಾರಿ ಬಿದ್ದಿದ್ದಾರೆ. ಎಂಥದ್ದನ್ನು ಆರಿಸಬೇಕು? ಪಾಚಿ, ಜಿಗಣೆ ಕಾಟ ಕಡಿಮೆ ಆಗುತ್ತಾ?

ಉತ್ತರ: ಟೈಲಿನ ಮಾತು ಆಮೇಲೆ. ನೀವು ತುಂಬಿಸಿದ ಮಣ್ಣು ಎಷ್ಟು ಮಳೆಗಾಲ ಕಂಡಿದೆ? ಒಂದೂ ಇಲ್ಲ ಅಂದ್ರೆ ಈ ವರ್ಷ ಸುಮ್ನೆ ಬಿಟ್ಟುಬಿಡಿ.

ನಾನು ಬಿಡಲಿಲ್ಲ. ಸೋಮವಾರಪೇಟೆಯ ನಮ್ಮ ಮನೆಗೆ, ಮಗಳ ಮದುವೆ ಅಂತ ಏಪ್ರಿಲ್‌ನಲ್ಲಿ ಮಣ್ಣು ತುಂಬಿಸಿ ಮೇನಲ್ಲಿ ಟೈಲು ಹಾಕಿಸಿದೆ. ಕಕ್ಕಡ ಮಾಸ (ಜುಲೈ–ಆಗಸ್ಟ್) ಮುಗಿಯುವಷ್ಟರಲ್ಲಿ ತೋಟದ ಕಡೆಯ ಸಾಲು ಕುಸಿದಿತ್ತು. ಉಳಿದವುಗಳ ಮೇಲೆ ನಡೆದರೆ ಡಬ್ ಡಬ್ ಸದ್ದು. ಒಂದನ್ನು ಎಬ್ಬಿಸಿದೆ. ಅಡಿಭಾಗ ಅಂಗಡಿಯಿಂದ ತಂದ ಹಾಗೇ ಇತ್ತು, ಗಾರೆ ಚೂರೂ ಅಂಟಿರಲಿಲ್ಲ. ಮೇಸ್ತ್ರಿ ನಾಲ್ಕು ಮೂಲೆಗೆ, ನಡುವಿಗೆ ಒಂದೊಂದು ಉಂಡೆ ಗಾರೆ ಇಟ್ಟು ಮೇಲೆ ಟೈಲು ಒತ್ತಿದ್ದ. ಮಿಕ್ಕ ಜಾಗದಲ್ಲೆಲ್ಲ ನೀರು. ಎರೆಹುಳುಗಳು ಆರಾಮಾಗಿ ಸಂಸಾರ ಹೂಡಿದ್ದವು.

ಪೋರ್ಸಲೇನ್ ನೀರು ಕುಡಿಯುವುದೇ ಇಲ್ಲ ಅನ್ನಬಹುದು. ಹೀರುವುದು ಅದರ ತೂಕದ ಶೇಕಡಾ 0.5ಕ್ಕಿಂತ ಕಡಿಮೆ. ನಮ್ಮ ಮಳೆಗೆ ಅದೇ ಅದರ ದೊಡ್ಡ ಗುಣ. ಆದರೆ ನೀರು ಹೀರದ್ದು ಸಿಮೆಂಟ್ ಹಾಲನ್ನೂ ಹೀರುವುದಿಲ್ಲ ಅಲ್ವಾ? ಹಾಗಾಗಿ ಹಳೇ ಅಭ್ಯಾಸದಂತೆ ಟೈಲನ್ನು ತೊಟ್ಟಿಯಲ್ಲಿ ನೆನೆಹಾಕಿ ಪ್ರಯೋಜನವಿಲ್ಲ. ಪಾಲಿಮರ್ ಬೆರೆತ ಅಂಟನ್ನು ಟೈಲಿನ ಬೆನ್ನಿಗೆ ಪೂರ್ತಿ ಬಳಿದು, ಅದು ಹಸಿ ಇರುವಾಗಲೇ ಗಾರೆಯ ಮೇಲೆ ಕೂರಿಸಬೇಕು. ಗಾರೆಯೂ ಉಂಡೆಯಲ್ಲ, ಇಡೀ ಹಾಸು. ಅದರ ಕೆಳಗೆ ನಾಲ್ಕರಿಂದ ಆರು ಇಂಚು ಜಲ್ಲಿ, ಪದರ ಪದರವಾಗಿ ದಮ್ಮಸು ಹೊಡೆದಿರಬೇಕು. ಮೇಸ್ತ್ರಿ ‘ಅಷ್ಟೆಲ್ಲ ಬೇಡ ಅಕ್ಕ’ ಅಂದರೆ ಬೇರೆ ಮೇಸ್ತ್ರಿ ನೋಡಿ.

ಇಳಿಜಾರು ಮರೆಯಬೇಡಿ. 12 ಅಡಿಗೆ ಎರಡೂವರೆ ಇಂಚು ಇಳಿತ, ಗೋಡೆಯಿಂದ ಆಚೆಗೆ. ಕೊನೆಯಲ್ಲಿ ಚರಂಡಿ ಇರಲಿ. ಆ ನೀರನ್ನು ನೇರ ಬರೆಯ ಮೇಲೆ ಬಿಡಬೇಡಿ. 2018ರ ಆಗಸ್ಟ್‌ನ ಭೂಕುಸಿತ ಕಂಡ ಕೊಡಗಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಈಗ ಟೈಲು. ಹೊರಗಿನ ಬಳಕೆಗೇ ಮಾಡಿದ, 20 ಮಿಲಿಮೀಟರ್ ದಪ್ಪದ್ದು ಕೇಳಿ. ಗುಜರಾತಿನ ಮೋರ್ಬಿಯಿಂದಲೇ ಬರುತ್ತದೆ. ಪೆಟ್ಟಿಗೆಯ ಮೇಲೆ ಜಾರುತಡೆಯ ಗುರುತು ‘ಆರ್ 11’ ಇರಬೇಕು. ಒಳಮನೆಯ ‘ಆರ್ 9’ ಕೊಟ್ಟು ಕಳಿಸಿಬಿಡುತ್ತಾರೆ, ಹುಷಾರು. ಅಂಗಡಿಯಲ್ಲೇ ಒಂದು ಟೈಲಿಗೆ ನೀರು ಸುರಿದು ಚಪ್ಪಲಿ ಉಜ್ಜಿ ನೋಡಿ. ನಾನು ಹಾಗೆ ಮಾಡಿದಾಗ ಅಂಗಡಿಯವರು ನಕ್ಕರು, ನಗಲಿ. ಎರಡಡಿ ಚದರದ (ಸರಿಯಾಗಿ ಅಳೆದರೆ 60 ಸೆಂ.ಮೀ.) ಒಂದು ಟೈಲು ಸುಮಾರು 17 ಕೆ.ಜಿ. ತೂಗುತ್ತದೆ. ನಿಮ್ಮ ಜಾಗಕ್ಕೆ 47 ಹಿಡಿಯುತ್ತವೆ. ಕತ್ತರಿಸುವಾಗ ಒಡೆಯುವುದೂ ಸೇರಿ 52 ತರಿಸಿ. ಟೈಲುಗಳ ನಡುವೆ 4–5 ಮಿಲಿಮೀಟರ್ ಸಂದು ಬಿಡಿಸಿ. ಬಣ್ಣ ನಿಮ್ಮಿಷ್ಟ. ನಾನಂತೂ ಕಪ್ಪು ಬೇಡ ಅನ್ನುತ್ತೇನೆ, ಮಾರ್ಚ್ ಬಿಸಿಲಿಗೆ ಬರಿಗಾಲು ಸುಡುತ್ತದೆ. ಕೆಲಸಕ್ಕೆ ಪುತ್ತರಿ (ನಮ್ಮ ಸುಗ್ಗಿ ಹಬ್ಬ) ಕಳೆದ ಮೇಲೆ, ಕಾಫಿ ಹೂ ಅರಳಿಸುವ ಹೂಮಳೆಗೆ ಮೊದಲು ಒಳ್ಳೆಯ ಸಮಯ. ಕಾಫಿ ಕುಯ್ಲಿನ ಹೊತ್ತಿಗೆ ಆಳು ಸಿಗುವುದು ಕಷ್ಟ, ಅದು ಬೇರೆ ಗೋಳು.

ಪಾಚಿ ಬರುತ್ತದೆ. ಟೈಲಿನೊಳಗೆ ಇಳಿಯುವುದಿಲ್ಲ, ಮೇಲೆ ಕೂತ ಮಣ್ಣು, ಸಿಲ್ವರ್ ಓಕಿನ ಎಲೆಕೊಳೆಯ ಮೇಲೆ ಬೆಳೆಯುತ್ತದೆ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಗಟ್ಟಿ ಪೊರಕೆ, ಸೋಪಿನ ನೀರು ಸಾಕು. ಆ್ಯಸಿಡ್ ಹಾಕಿದರೆ ಸಂದಿನ ಸಿಮೆಂಟ್ ತಿಂದುಹೋಗುತ್ತದೆ.

ಜಿಗಣೆಗೆ ಆರ್ 11 ಲೆಕ್ಕಕ್ಕಿಲ್ಲ. ಬಂದೇ ಬರುತ್ತದೆ. ತಿಳಿಬಣ್ಣದ ಟೈಲಾದರೆ ಬರುವುದು ಕಾಣುತ್ತದೆ, ಕಾಲೆತ್ತಿ ಕೂರಬಹುದು.