ಎರರ್ ಬಂದರೂ *ಇಎಸ್‌ಆರ್? 0 ಎನ್ನುತ್ತಿದೆ. ಎಷ್ಟು ಡಿಲೇ ಹಾಕಬೇಕು?

ಪವರ್ ಸಪ್ಲೈಯಲ್ಲಿ ಎರರ್ ದೀಪ ಉರಿಯುತ್ತಿದ್ದರೂ ಪ್ರೋಗ್ರಾಂ ಕೊನೆಯಲ್ಲಿ ಓದುವ *ಇಎಸ್‌ಆರ್? (ಉಪಕರಣದಲ್ಲಿ ಏನೇನಾಯಿತು ಎಂದು ಕೇಳುವ ಆದೇಶ) ಸೊನ್ನೆ ಕೊಡುತ್ತದೆ, ಡಿಲೇ ಹೆಚ್ಚಿಸಲೇ ಅಥವಾ ಎಸ್‌ಆರ್‌ಕ್ಯೂ ಇಂಟರಪ್ಟ್ (ಉಪಕರಣವೇ ಕಂಪ್ಯೂಟರನ್ನು ಕರೆಯುವ ಸಂಕೇತ) ಬಳಸಲೇ ಎಂದು ಕೇಳಿದ್ದೀರಿ. ಎರಡೂ ಇದಕ್ಕೆ ಮದ್ದಲ್ಲ.

ತುಮಕೂರಿನ ವಸಂತನರಸಾಪುರ ಕೈಗಾರಿಕಾ ಪ್ರದೇಶದ ಸಣ್ಣ ಘಟಕವೊಂದರಲ್ಲಿ, 24 ವೋಲ್ಟ್‌ನ ಕಂಟ್ರೋಲ್ ಬೋರ್ಡ್‌ಗಳನ್ನು 32 ವೋಲ್ಟ್‌ಗೆ ಏರಿಸಿ ಪರೀಕ್ಷಿಸುವ ಪ್ರೋಗ್ರಾಂ ಬರೆದವನು ನಾನು. ಹಳೆಯ ಸಪ್ಲೈ ಕ್ಯಾಲಿಬ್ರೇಷನ್‌ಗೆ ಹೋದಾಗ ಅದರ ಜಾಗಕ್ಕೆ 30 ವೋಲ್ಟ್ ಮಿತಿಯದೊಂದು ಬಂದಿತು. ಅದು 32ರ ಆದೇಶವನ್ನು ತಿರಸ್ಕರಿಸಿ ಮೊದಲಿದ್ದ 24 ವೋಲ್ಟ್ ಅನ್ನೇ ಕೊಡುತ್ತಿತ್ತು. ಬೋರ್ಡ್‌ಗಳು ಸಲೀಸಾಗಿ ಪಾಸಾಗುತ್ತಿದ್ದವು.

ಎಡವಟ್ಟು ಇದ್ದದ್ದು ಕಾಯುವ ಲೂಪ್‌ನಲ್ಲಿ. ಕೆಲಸ ಮುಗಿದಾಗ 0ನೇ ಬಿಟ್ ಅನ್ನು 1 ಮಾಡು ಎನ್ನುವ *ಓಪಿಸಿ ಆದೇಶ ಕಳುಹಿಸಿ, ಆ ಬಿಟ್ 1 ಆಗುವವರೆಗೆ *ಇಎಸ್‌ಆರ್? ಅನ್ನು ಪದೇ ಪದೇ ಓದುವಂತೆ ಬರೆದಿದ್ದೆ. ಆದರೆ ಅದು ಓದುವುದು ಈವೆಂಟ್ ರಿಜಿಸ್ಟರನ್ನು, ಅಂದರೆ ನಡೆದ ಒಂದೊಂದು ಬಗೆಯ ಘಟನೆಗೂ ಒಂದೊಂದು ಬಿಟ್ ಇರುವ ದಾಖಲೆಯನ್ನು. ಓದಿದೊಡನೆ ಅಳಿಸಿಹೋಗುತ್ತದೆ, ಅದೂ ನಾವು ನೋಡಿದ ಬಿಟ್ ಮಾತ್ರವಲ್ಲ, ಎಂಟೂ ಬಿಟ್‌ಗಳು. ಸಪ್ಲೈ 17 ಎಂದು ಉತ್ತರಿಸುತ್ತಿತ್ತು: 16 ಎಂದರೆ ಎಕ್ಸಿಕ್ಯೂಷನ್ ಎರರ್, 1 ಎಂದರೆ ಕೆಲಸ ಮುಗಿದಿದೆ. ಲೂಪ್ 1ನ್ನು ನೋಡಿ, 16ನ್ನು ಬಿಸಾಡಿ ಮುಂದೆ ಹೋಗುತ್ತಿತ್ತು. ಕೊನೆಯಲ್ಲಿ ದೋಷ ಹುಡುಕಲು ಮತ್ತೆ ಓದಿದಾಗ ಸೊನ್ನೆಯಲ್ಲದೆ ಇನ್ನೇನು ಬಂದೀತು? ಇದು ಉಪಕರಣದ ದೋಷವೂ ಅಲ್ಲ. ಇಂಥ ಉಪಕರಣಗಳ ಆದೇಶಗಳಿಗೆಂದೇ ಇರುವ 1987ರ ಐಇಇಇ 488.2 ಮಾನದಂಡದಲ್ಲಿರುವುದೇ ಹೀಗೆ.

ಎರರ್ ದೀಪ ಪ್ರತಿ ಬೋರ್ಡ್‌ಗೂ ಹತ್ತಿಕೊಂಡು, ಮುಂದಿನ ಬೋರ್ಡ್‌ನ ಪರೀಕ್ಷೆ ಶುರುವಾದಾಗ ಆರುವುದನ್ನು ಆಪರೇಟರ್ ತೋರಿಸಿಯೂ ಇದ್ದರು. ಸಪ್ಲೈ ತನ್ನ ದೋಷಗಳನ್ನು ಸಾಲಾಗಿ ಇಟ್ಟುಕೊಳ್ಳುವ ಎರರ್ ಕ್ಯೂನಲ್ಲಿ -222, ಅಂದರೆ ‘ಡೇಟಾ ಔಟ್ ಆಫ್ ರೇಂಜ್’, ಹಾಗೇ ಕುಳಿತಿತ್ತು. ಪ್ರತಿ ಪರೀಕ್ಷೆಯ ಆರಂಭದಲ್ಲಿ ನಾನು ಹಾಕಿದ್ದ *ಸಿಎಲ್‌ಎಸ್ (ಸ್ಥಿತಿ ದಾಖಲೆಗಳನ್ನು ಅಳಿಸುವ ಆದೇಶ) ಅದನ್ನೂ ಗುಡಿಸಿಹಾಕುತ್ತಿತ್ತು. ಗ್ರಾಹಕರಿಗೆ ಹೋಗಿದ್ದ ಬೋರ್ಡ್‌ಗಳನ್ನು ವಾಪಸ್ ತರಿಸಿ ನಮ್ಮ ಖರ್ಚಿನಲ್ಲೇ ಮರುಪರೀಕ್ಷೆ ಮಾಡಬೇಕಾಯಿತು.

ಕಾಯುವುದಕ್ಕೆ *ಓಪಿಸಿ? ಬಳಸಿ. ಕೆಲಸ ಮುಗಿದಾಗ ಅದು 1 ಎಂದು ಉತ್ತರಿಸುತ್ತದೆ, ಈವೆಂಟ್ ರಿಜಿಸ್ಟರಿನ ತಂಟೆಗೆ ಹೋಗುವುದಿಲ್ಲ. ಟೈಮ್‌ಔಟ್ ಮಾತ್ರ ಆ ಕೆಲಸಕ್ಕೆ ಬೇಕಾದ ಸಮಯಕ್ಕಿಂತ ದೊಡ್ಡದಿರಲಿ. ಅನಂತರ *ಇಎಸ್‌ಆರ್? ಅನ್ನು ಒಂದೇ ಒಂದು ಫಂಕ್ಷನ್‌ನಿಂದ ಓದಿ, ಬಂದ ಸಂಖ್ಯೆಯನ್ನು ಪೂರ್ತಿಯಾಗಿ ಲಾಗ್‌ಗೆ ಬರೆಯಿರಿ. ದೋಷ ಸೂಚಿಸುವ 4, 8, 16, 32ರ ಪೈಕಿ ಯಾವ ಬಿಟ್ ಇದ್ದರೂ, ಸೊನ್ನೆ ಬರುವವರೆಗೆ ಎರರ್ ಕ್ಯೂ ಓದುವ ಸಿಸ್ಟ್:ಎರ್? ಕೇಳುತ್ತಾ ಹೋಗಿ, ಒಂದು ಸಲಕ್ಕೆ ಒಂದೇ ದೋಷ ಹೊರಬರುತ್ತದೆ.

ಒಂದೇ ಸಪ್ಲೈ ಇರುವ ಬೆಂಚ್‌ಗೆ ಎಸ್‌ಆರ್‌ಕ್ಯೂ ಅತಿಯಾಯಿತು ಎಂಬುದು ನನ್ನ ಅಭಿಪ್ರಾಯ. ಬೇಕೇ ಬೇಕೆಂದರೆ *ಇಎಸ್‌ಇ 60 (ಆ ನಾಲ್ಕೂ ದೋಷ ಬಿಟ್‌ಗಳನ್ನು ಆರಿಸುವುದಕ್ಕೆ), *ಎಸ್‌ಆರ್‌ಇ 32 (ಅವು ಬಂದಾಗ ಎಸ್‌ಆರ್‌ಕ್ಯೂ ಕಳುಹಿಸುವುದಕ್ಕೆ) ಸಾಕು. *ಸಿಎಲ್‌ಎಸ್ ಇವನ್ನು ಅಳಿಸುವುದಿಲ್ಲ.

ಆನ್ ಮಾಡಿದ ಮೇಲಿನ ಮೊದಲ ಓದಿನಲ್ಲಿ 128 ಬಂದರೆ ಗಾಬರಿ ಬೇಡ, ಅದು ಪವರ್ ಆನ್ ಬಿಟ್. ಅದೇ 128 ಪರೀಕ್ಷೆಯ ನಡುವೆ ಕಂಡರೆ ಕರೆಂಟು ಹೋಗಿ ಬಂದಿದೆ ಎಂದು ತಿಳಿದು, ವೋಲ್ಟೇಜ್ ಮತ್ತು ಕರೆಂಟ್ ಮಿತಿಗಳನ್ನು ಮತ್ತೆ ಕಳುಹಿಸಿ, ಆ ಬೋರ್ಡನ್ನು ಮೊದಲಿನಿಂದ ಪರೀಕ್ಷಿಸಿ.