ನುಂಗಿದ್ದು ನಿಜ, ಅರಗಿಸಿಕೊಂಡಿದ್ದಲ್ಲ

ನಮಸ್ಕಾರ. ಜೇಡಿಮಣ್ಣು ಎಲ್ಲ ವಿಕಿರಣ ವಸ್ತುಗಳನ್ನೂ ಹಿಡಿದು ನಾಶಮಾಡುತ್ತದೆ ಎನ್ನುವ ನಿಮ್ಮ ‘ವಿಕಿರಣ ನುಂಗಿದ ಮಣ್ಣು’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪತ್ರಿಕೆಯಲ್ಲಿ ಹಾಕಲಾರೆ. ಬಿಸಾಡುವ ಬರಹವೂ ಅಲ್ಲ, ಅದಕ್ಕೇ ಇಷ್ಟುದ್ದದ ಉತ್ತರ.

ಮೊದಲೆರಡು ಪುಟದ ‘ಭೂತಾಯಿಯ ಮಡಿಲು’, ‘ಪ್ರಕೃತಿಯ ವರ’ ಎಲ್ಲ ಹೋಗಲಿ. ಜಪಾನಿನ ಫುಕುಶಿಮಾ ಪರಮಾಣು ಸ್ಥಾವರದ ಅಪಘಾತ ಬರುವುದು ಮೂರನೇ ಪುಟಕ್ಕೆ. ಅಷ್ಟು ಹೊತ್ತು ಓದುಗ ಕಾಯುವುದಿಲ್ಲ.

2011ರಲ್ಲಿ ಅಲ್ಲಿನ ಹೊಲಗದ್ದೆಗಳ ಮೇಲೆ ಬಿದ್ದ ಸೀಸಿಯಂ ಎಂಬ ವಿಕಿರಣ ವಸ್ತು, ಮಳೆ ಬಂದರೂ ಆಳಕ್ಕಿಳಿಯದೆ ಬಹುಪಾಲು ಮೇಲ್ಮಣ್ಣಿನಲ್ಲೇ ಉಳಿಯಿತು. ಇದಕ್ಕೆ ನೀವು ಕೊಟ್ಟ ಕಾರಣ ‘ಮಣ್ಣಿನ ಅಯಸ್ಕಾಂತ ಶಕ್ತಿ’. ಅಯಸ್ಕಾಂತಕ್ಕೂ ಇದಕ್ಕೂ ಸಂಬಂಧವಿಲ್ಲ. ಜೇಡಿಮಣ್ಣಿನ ಕಣ ಪುಸ್ತಕದ ಹಾಗೆ ಪದರ ಪದರ. ಪದರಗಳದ್ದು ಋಣ ವಿದ್ಯುದಂಶ, ನೀರಿನಲ್ಲಿ ಕರಗಿದ ಸೀಸಿಯಂನದ್ದು ಧನ. ಇಲೈಟ್‌ನಂಥ ಜೇಡಿಯಲ್ಲಿ ಹಾಳೆಯ ಅಂಚು ಸವೆದು ಬಿಚ್ಚಿಕೊಂಡ ಕಡೆ ಸೀಸಿಯಂ ಒಳಗೆ ನುಸುಳಿ ಸಿಕ್ಕಿಬೀಳುತ್ತದೆ, ಸುಲಭಕ್ಕೆ ಹೊರಬರುವುದಿಲ್ಲ. ಸ್ಟ್ರಾಂಷಿಯಂ ಎಂಬ ಇನ್ನೊಂದು ವಿಕಿರಣ ವಸ್ತುವಿನ ಮೇಲೆ ಈ ಹಿಡಿತ ಇಷ್ಟಿಲ್ಲ. ಟ್ರಿಟಿಯಂ (ವಿಕಿರಣ ಸೂಸುವ ಹೈಡ್ರೋಜನ್) ಅಂತೂ ನೀರಿನ ಅಣುವಿನೊಳಗೇ ಸೇರಿಕೊಂಡಿರುತ್ತದೆ, ಯಾವ ಮಣ್ಣೂ ಸೋಸಲಾರದು. ಆದ್ದರಿಂದ ‘ಎಲ್ಲ ವಿಕಿರಣ ವಸ್ತುಗಳನ್ನೂ’ ಎಂಬುದನ್ನು ಹೊಡೆದುಹಾಕಿ.

ಇನ್ನು ನೀವು ಹೆಸರಿಸಿದ ಜಿಯೋಲೈಟ್. ಅದು ಜೇಡಿಮಣ್ಣಲ್ಲ, ಗೂಡುಗೂಡಾದ ಬೇರೆಯೇ ಖನಿಜ. ಆದರೆ ನಿಮ್ಮ ಅಸಲಿ ಕಥೆ ಇರುವುದು ಅದರಲ್ಲೇ, ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟಿದ್ದೀರಿ! ಅಪಘಾತದ ತರಾತುರಿಯಲ್ಲಿ ಸ್ಥಾವರದ ಎರಡು ಕಟ್ಟಡಗಳ ನೆಲಮಾಳಿಗೆಯಲ್ಲಿ ಜಿಯೋಲೈಟ್ ಮೂಟೆಗಳನ್ನಿಟ್ಟರು. ಕಲುಷಿತ ನೀರಿನ ಸೀಸಿಯಂ ಅವಕ್ಕೆ ಅಂಟಿತು. ಆಮೇಲೆ ಅಳೆದರೆ ಮೂಟೆಗಳ ಮೇಲ್ಮೈಯಲ್ಲಿ ವಿಕಿರಣ ಕೆಲವೆಡೆ ಗಂಟೆಗೆ 4 ಸೀವರ್ಟ್ (ದೇಹಕ್ಕೆ ತಗಲುವ ವಿಕಿರಣದ ಅಳತೆ) ದಾಟಿತ್ತು. ಪಕ್ಕದಲ್ಲಿ ಒಂದೆರಡು ಗಂಟೆ ನಿಂತವರು ಬದುಕುವುದೇ ಅನುಮಾನ. ಮನುಷ್ಯರು ಇಳಿಯುವಂತಿಲ್ಲವೆಂದು ದೂರದಿಂದ ನಡೆಸುವ ಯಂತ್ರಗಳನ್ನು ಕಟ್ಟಬೇಕಾಯಿತು.

ನುಂಗಿದ್ದು ನಿಜ, ಅರಗಿಸಿಕೊಂಡಿದ್ದಲ್ಲ. ಸೀಸಿಯಂ-137 ಅರ್ಧಕ್ಕಿಳಿಯಲು ನೀರಿನಲ್ಲಿದ್ದರೂ ಮಣ್ಣಿನಲ್ಲಿದ್ದರೂ ಸುಮಾರು 30 ವರ್ಷ ಬೇಕು. ‘ವಿಕಿರಣ ನಾಶ’ ಎಂದು ಏಳು ಕಡೆ ಬರೆದಿದ್ದೀರಿ (ಎಣಿಸಿದೆ), ಏಳನ್ನೂ ತಿದ್ದಿ.

ಕೋಲಾರದ ಬೋರ್‌ವೆಲ್ ನೀರಿನ ಯುರೇನಿಯಂಗೆ ‘ಮನೆಯಲ್ಲೇ ಮಣ್ಣಿನ ಫಿಲ್ಟರ್ ಸಾಕು’ ಎಂಬ ಕೊನೆಯ ಪ್ಯಾರಾ ಮಾತ್ರ ಖಂಡಿತ ಬೇಡ. ಅಂತರ್ಜಲದಲ್ಲಿ ಯುರೇನಿಯಂ ಸಾಮಾನ್ಯವಾಗಿ ಕಾರ್ಬೊನೇಟ್ ಜೊತೆ ಕೂಡಿಕೊಂಡು ಧನ ಅಂಶ ಕಳೆದುಕೊಂಡಿರುತ್ತದೆ, ಜೇಡಿ ಅದನ್ನು ಸರಿಯಾಗಿ ಹಿಡಿಯುವುದಿಲ್ಲ. ನಿಮ್ಮ ಮಾತು ನಂಬಿ ಯಾರಾದರೂ ಸೋಸಿ ಮಗುವಿಗೆ ಕುಡಿಸಿದರೆ?

ಆ ನೆಲಮಾಳಿಗೆಯ ಮೂಟೆಗಳಿಂದಲೇ ಶುರುಮಾಡಿ, ಸಾವಿರ ಪದದೊಳಗೆ ಮತ್ತೆ ಬರೆದು ಕಳಿಸಿ. ಓದುತ್ತೇನೆ.