ಮಯಾಮಿಗೆ ಬರೋ ತಮ್ಮನಿಗೆ: ಮೊದಲು ಇಸವಿ ಕೇಳಿಸಿಕೋ

ದಾವಣಗೆರೆಯಿಂದ ಒಬ್ಬ ಹುಡುಗ ಬರೆದಿದ್ದಾನೆ: "ಅಣ್ಣಾ, ಮುಂದಿನ ತಿಂಗಳು ಮಯಾಮಿ ಪಕ್ಕದ ಹಯಲಿಯಾದಲ್ಲಿ ಕೆಲಸಕ್ಕೆ ಸೇರಬೇಕು. ಟೀಮಿನಲ್ಲಿ ಬಹುಪಾಲು ಕ್ಯೂಬನ್ನರಂತೆ. ಬಾಡಿಗೆ ಹೇಗೆ? ಸ್ಪ್ಯಾನಿಷ್ ಕಲೀಲೇಬೇಕಾ? ಸಸ್ಯಾಹಾರ ಸಿಗುತ್ತಾ? ನನ್ನ ಲ್ಯಾಪ್‌ಟಾಪ್ ಮೇಲೆ ಚೆ ಗೆವಾರ ಸ್ಟಿಕ್ಕರ್ ಇದೆ, ನೋಡಿ ಖುಷಿಪಡ್ತಾರೆ ಅಲ್ವಾ?"

ಅಣ್ಣ ಅಂತ ಕರೆದಿದ್ದೀಯ, ನೀನು ಅಂತಲೇ ಬರೀತೀನಿ. ಕೊನೆಯ ಪ್ರಶ್ನೆಯಿಂದ ಶುರು. ಸ್ಟಿಕ್ಕರ್ ಕೀಳು, ಇವತ್ತೇ. ಕೊಬ್ಬರಿ ಎಣ್ಣೆ ಸವರಿ ಹತ್ತು ನಿಮಿಷ ಬಿಟ್ಟರೆ ಅಂಟಿನ ಸಮೇತ ಬರುತ್ತೆ.

ನಮ್ಮೂರಲ್ಲಿ ಆಟೋ ಹಿಂದೆ, ಟೀ ಶರ್ಟ್ ಮೇಲೆ ಇರೋ ಚೆ ಬರೀ ಒಂದು ಮುಖ. ಇಲ್ಲಿ ಅವನು, ಫಿಡೆಲ್ ಕ್ಯಾಸ್ಟ್ರೊನ ಕ್ರಾಂತಿ ಕ್ಯೂಬಾದಲ್ಲಿ ಅಧಿಕಾರ ಹಿಡಿದ 1959ರ ಮೊದಲ ತಿಂಗಳುಗಳಲ್ಲಿ, ರಾಜಧಾನಿ ಹವಾನಾದ ಲಾ ಕಬಾನ್ಯ ಕೋಟೆಯ ಕಮಾಂಡರ್. ಕ್ರಾಂತಿ ನ್ಯಾಯಾಲಯಗಳು ಶಿಕ್ಷೆ ಕೊಟ್ಟವರನ್ನ ಗೋಡೆಗೆ ನಿಲ್ಲಿಸಿ ಗುಂಡು ಹೊಡೆದ ಜಾಗ ಅದು. ಆ ಗೋಡೆಗೆ 'ಪರೆದೋನ್' ಅಂತಾರೆ. ನಿನ್ನ ಪಕ್ಕದ ಸೀಟಿನವರ ದೊಡ್ಡಪ್ಪನೇ ಅಲ್ಲಿ ನಿಂತಿದ್ದಿರಬಹುದು.

ಬಾಡಿಗೆ ದುಬಾರಿ. ಮೊದಲ ತಿಂಗಳು, ಕೊನೆಯ ತಿಂಗಳು, ಡಿಪಾಸಿಟ್, ಮೂರೂ ಒಟ್ಟಿಗೆ ಕೇಳೋದು ಇಲ್ಲಿ ಮಾಮೂಲು. ಹಯಲಿಯಾದಲ್ಲಿ 'ಎಫಿಶಿಯೆನ್ಸಿ' ಅಂತ ಸಿಗುತ್ತೆ, ನಮ್ಮ ಔಟ್‌ಹೌಸ್ ಥರ ಮನೆ ಹಿಂದಿನ ಒಂಟಿ ಕೋಣೆ. ಎಷ್ಟೋ ಕೋಣೆಗಳಿಗೆ ನಗರದ ಪರ್ಮಿಟ್ ಇರಲ್ಲ. ಕೇಳಿಕೊಂಡೇ ಮುಂಗಡ ಕೊಡು. ಕಾರಿಲ್ಲದೆ ಆಗಲ್ಲ. ಅಷ್ಟೇ.

ಸ್ಪ್ಯಾನಿಷ್ ಬೇಕು. ಆಫೀಸಿಗಲ್ಲ, ಅಂಗಡಿಗೆ, ಮೆಕ್ಯಾನಿಕ್‌ಗೆ, ಮನೆ ಮಾಲೀಕರಿಗೆ. ಆ್ಯಪ್‌ನಲ್ಲಿ ಕಲಿತದ್ದು ಮೊದಲ ವಾರ ಕಿವಿಗೆ ಬೀಳಲ್ಲ, ಪದದ ಕೊನೆಯ 'ಸ್' ಅನ್ನ ಇವರು ನುಂಗಿಬಿಡ್ತಾರೆ. ಬಸ್ಸು ಅಂದ್ರೆ 'ಗ್ವಾಗ್ವಾ'. ಇನ್ನೊಂದು ಮಾತು: ಪಪ್ಪಾಯಿ ಹಣ್ಣಿಗೆ 'ಫ್ರೂತಾ ಬೊಂಬಾ' ಅನ್ನು. ಹವಾನಾ ಕಡೆಯವರಿಗೆ 'ಪಪಾಯಾ' ಅನ್ನೋದು ಹೆಂಗಸರ ಗುಪ್ತಾಂಗದ ಪೋಲಿ ಹೆಸರು. ಹಣ್ಣಿನಂಗಡಿಯ ಅಜ್ಜಿ ಮುಂದೆ ಗಟ್ಟಿಯಾಗಿ ಕೂಗಬೇಡ.

ಈಗ ಮುಖ್ಯ ವಿಷಯ. ನಮ್ಮಲ್ಲಿ ಹೊಸಬರು ಸಿಕ್ಕರೆ ಯಾವೂರು, ಯಾರ ಪೈಕಿ ಅಂತ ಕೇಳ್ತೀವಿ. ಇವರು ತಮ್ಮತಮ್ಮಲ್ಲೇ ಕೇಳಿಕೊಳ್ಳೋದು ಯಾವ ವರ್ಷ ಬಂದೆ ಅಂತ. ನೀನಾಗಿ ಕೇಳೋಕೆ ಹೋಗಬೇಡ, ಅದು ಮಾತಿನ ನಡುವೆ ತಾನೇ ಬರುತ್ತೆ. ಬಂದಾಗ ನೆನಪಿಟ್ಟುಕೋ. ಕ್ಯೂಬಾದ ರಾಜಕೀಯ ಎಷ್ಟು ತಿಳಿದರೂ, ಎದುರಿಗಿರೋರ ಇಸವಿ ಗೊತ್ತಿಲ್ಲದಿದ್ದರೆ ಪ್ರಯೋಜನ ಇಲ್ಲ.

1959ರಿಂದ 62ರೊಳಗೆ ಬಂದವರು 2 ಲಕ್ಷಕ್ಕೂ ಹೆಚ್ಚು: ವಕೀಲರು, ವೈದ್ಯರು, ಅಂಗಡಿ ತೋಟ ಇದ್ದವರು. ಆರು ತಿಂಗಳಲ್ಲಿ ವಾಪಸ್ ಹೋಗ್ತೀವಿ ಅಂತ ಬೀಗದ ಕೈ ಜೇಬಲ್ಲಿಟ್ಟುಕೊಂಡು ಬಂದ ತಲೆಮಾರು. ಇವರನ್ನ 'ವಲಸಿಗರು' ಅನ್ನಬಾರದು, 'ಎಕ್ಸಿಲಿಯೊ', ಗಡಿಪಾರಾದವರು. 1961ರ ಏಪ್ರಿಲ್‌ನಲ್ಲಿ ಕ್ಯಾಸ್ಟ್ರೊ ಸರ್ಕಾರ ಕೆಡವೋಕೆ ಕ್ಯೂಬಾದ ಬೇ ಆಫ್ ಪಿಗ್ಸ್ ಕೊಲ್ಲಿಗೆ ಇಳಿದ ಸುಮಾರು 1,400 ಜನ ಇವರ ಪೈಕಿಯವರೇ. 'ಪೆಡ್ರೊ ಪಾನ್' ಅನ್ನೋ ಹೆಸರಿನ ಕಾರ್ಯಕ್ರಮದಲ್ಲಿ ಅಪ್ಪ ಅಮ್ಮ ಇಲ್ಲದೆ ವಿಮಾನ ಹತ್ತಿ ಬಂದ 14,000ಕ್ಕೂ ಹೆಚ್ಚು ಮಕ್ಕಳೂ ಈ ಕಾಲದವರು. ಈಗ ಅಜ್ಜ ಅಜ್ಜಿ ಆಗಿದ್ದಾರೆ.

1965ರಿಂದ 73ರವರೆಗೆ ಕ್ಯೂಬಾದ ವರಾದೆರೊದಿಂದ ಹೆಚ್ಚುಕಮ್ಮಿ ದಿನಾ ವಿಮಾನ, ಎರಡೂವರೆ ಲಕ್ಷಕ್ಕೂ ಹೆಚ್ಚು ಜನ. ಹೊರಡ್ತೀನಿ ಅಂತ ಅರ್ಜಿ ಹಾಕಿದ ಮೇಲೆ ಅಧಿಕಾರಿಗಳು ಬಂದು ಮನೆಯ ಮಂಚ, ಫ್ರಿಜ್ಜು, ಫ್ಯಾನು ಎಲ್ಲ ಪಟ್ಟಿ ಮಾಡೋರು. ಹೊರಡೋ ಮುಂಚೆ ಮತ್ತೆ ಬಂದು ತಾಳೆ ನೋಡೋರು. ಒಂದು ಸಾಮಾನು ಕಮ್ಮಿಯಾದರೂ ಪ್ರಯಾಣ ನಿಲ್ಲಬಹುದಿತ್ತು. 1968ರಲ್ಲಿ 50,000ಕ್ಕೂ ಹೆಚ್ಚು ಸಣ್ಣ ವ್ಯಾಪಾರಗಳನ್ನ ಸರ್ಕಾರ ಕಿತ್ತುಕೊಂಡಿತು, ಬೀದಿಬದಿಯ ತಿಂಡಿ ಗಾಡಿ ಕೂಡ ಉಳೀಲಿಲ್ಲ. ಇಡ್ಲಿ ಗಾಡಿ ಇಟ್ಟವನನ್ನ 'ಬಂಡವಾಳಶಾಹಿ' ಅಂತ ಕರೆದು ಪಾತ್ರೆ ಜಪ್ತಿ ಮಾಡಿದ ಹಾಗೆ.

1980, ಮಾರಿಯೆಲ್ ಬಂದರು, ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ 1,25,000 ಜನ. ಹೊರಡೋರ ಮನೆ ಮುಂದೆ ಗುಂಪು ಕಟ್ಟಿ ಮೊಟ್ಟೆ ಹೊಡೆಸಿದರು, 'ಕಸ' ಅಂತ ಫಿಡೆಲ್ ಕರೆದ. ಜೈಲಿನಲ್ಲಿದ್ದವರನ್ನೂ ದೋಣಿಗೆ ಹತ್ತಿಸಿದ್ದರಿಂದ ಇಲ್ಲಿಗೆ ಬಂದ ಮೇಲೂ ಎಲ್ಲರಿಗೂ ಕಳಂಕ ಅಂಟಿತು, ಮೊದಲೇ ಬಂದಿದ್ದ ಕ್ಯೂಬನ್ನರೇ ಮೂಗು ಮುರಿದರು. 'ಮಾರಿಯೆಲಿತೊ' ಅನ್ನೋ ಪದ ಅವರ ಬಾಯಲ್ಲಿ ಬರಲಿ, ನಿನ್ನ ಬಾಯಲ್ಲಿ ಬೇಡ.

1994ರವರು 'ಬಾಲ್ಸೆರೊ', ತೆಪ್ಪದವರು. ಸೋವಿಯತ್ ಬಿದ್ದು ಎಣ್ಣೆ, ಧಾನ್ಯ ನಿಂತ ಮೇಲೆ ಲಾರಿ ಟ್ಯೂಬ್ ಕಟ್ಟಿಕೊಂಡು ಸಮುದ್ರಕ್ಕಿಳಿದ ಸುಮಾರು 35,000 ಜನ. ಬಹಳಷ್ಟು ಮಂದಿ ಕ್ಯೂಬಾದಲ್ಲೇ ಇರೋ ಅಮೆರಿಕದ ನೌಕಾನೆಲೆ ಗ್ವಾಂಟನಾಮೊದ ಶಿಬಿರದಲ್ಲಿ ತಿಂಗಳುಗಟ್ಟಲೆ ಕೂತು ಬಂದರು. 2021ರ ನವೆಂಬರ್‌ನಲ್ಲಿ ಮಧ್ಯ ಅಮೆರಿಕದ ನಿಕರಾಗುವ ದೇಶ ಕ್ಯೂಬನ್ನರಿಗೆ ವೀಸಾ ಬೇಡ ಅಂದದ್ದೇ, ಅಲ್ಲಿಗೆ ಹಾರಿ ರಸ್ತೆಯಲ್ಲಿ ಮೇಲೆ ಬಂದವರು ಒಂದೇ ವರ್ಷದಲ್ಲಿ 2 ಲಕ್ಷ ದಾಟಿದರು. ನಿನ್ನ ವಯಸ್ಸಿನವರು ಇವರೇ. ಹಳಬರು ಮನೆ, ತೋಟದ ಮಾತಾಡಿದರೆ ಇವರದು ಕರೆಂಟಿನ ಮಾತು, ರೇಷನ್ ಮಾತು.

ಆ ರೇಷನ್ ಪುಸ್ತಕಕ್ಕೆ 'ಲಿಬ್ರೆತಾ' ಅಂತಾರೆ, 1962ರಿಂದ ಇದೆ. ನ್ಯಾಯಬೆಲೆ ಅಂಗಡಿ ಮುಂದೆ ನಿಂತ ನಮಗೆ ವಿವರಿಸಬೇಕಿಲ್ಲ, ಆದರೆ ಅಲ್ಲಿ ಊರಿಗೆಲ್ಲ ಅದೊಂದೇ ಸಾಲು. ತಲೆಗೆ ದಿನಕ್ಕೊಂದು ಬನ್ ಅಂತ ಲೆಕ್ಕ ಇತ್ತು. 2024ರ ಸೆಪ್ಟೆಂಬರ್‌ನಲ್ಲಿ ಆ ಬನ್ನನ್ನೂ 80 ಗ್ರಾಂನಿಂದ 60 ಗ್ರಾಂಗೆ ಇಳಿಸಿದರು. ಕಾಫಿ ಪುಡಿಗೆ ಹುರಿದ ಬಟಾಣಿ ಬೆರೆಸ್ತಾರೆ. ಚಿಕೋರಿ ಕುಡಿದು ಬೆಳೆದ ನಾವು ನಗೋ ಹಾಗಿಲ್ಲ.

ಹಾಗಂತ ಅಲ್ಲಿ ನಡೆದದ್ದೆಲ್ಲ ಕೆಟ್ಟದ್ದು ಅಂತಲ್ಲ. 1961ರಲ್ಲಿ ಒಂದು ಲಕ್ಷದಷ್ಟು ಹುಡುಗ ಹುಡುಗಿಯರು ಲಾಟೀನು ಹಿಡಿದು ಹಳ್ಳಿಗೆ ಹೋಗಿ ಓದು ಬರಹ ಕಲಿಸಿದ್ದು ನಿಜ. ಆದರೆ ಅದನ್ನ ನೀನು ಎತ್ತಬೇಡ. ಮನೆ ಬಿಟ್ಟು ಬಂದವರ ಮುಂದೆ ಆ ಮನೆಯ ಗುಣಗಾನ ಮಾಡೋದು ಹೊರಗಿನವನಿಗೆ ಸಲ್ಲದ ಕೆಲಸ.

ಎಡವೋದು ಹೆಚ್ಚಾಗಿ ಒಂದೇ ಪದದಲ್ಲಿ. 1962ರಿಂದ ಅಮೆರಿಕ ಹಾಕಿರೋ ವ್ಯಾಪಾರ ನಿಷೇಧಕ್ಕೆ ಇಲ್ಲಿನವರು 'ಎಂಬಾರ್ಗೊ' ಅಂತಾರೆ, ಹವಾನಾ ಸರ್ಕಾರ 'ಬ್ಲೊಕೆಯೊ', ಅಂದ್ರೆ ದಿಗ್ಬಂಧನ ಅನ್ನುತ್ತೆ. ಎರಡನೇ ಪದ ಬಳಸಿದರೆ ನೀನು ಯಾವ ಕಡೆಯವನು ಅಂತ ಅಲ್ಲೇ ತೀರ್ಮಾನ. ನಿಷೇಧದ ವಿರುದ್ಧ ವಿಶ್ವಸಂಸ್ಥೆಯಲ್ಲಿ ಭಾರತ ಮತ ಹಾಕುತ್ತೆ ಅಂತ ಹಿರಿಯರಿಗೆ ಗೊತ್ತು, ನಮ್ಮ ಮೇಲೆ ಅರ್ಧ ಗುಮಾನಿ ಮೊದಲೇ ಇರುತ್ತೆ. ನಾನು ಬಂದಾಗ ಇದನ್ನ ಯಾರೂ ಹೇಳಿರಲಿಲ್ಲ. ಒಬ್ಬ ಹಿರಿಯರು ನನ್ನ ಜೊತೆ ಕಾಫಿಗೆ ಬರೋದು ಬಿಟ್ಟರು. ಕಾರಣ ತಿಳಿಯೋ ಹೊತ್ತಿಗೆ ಅವರು ನಿವೃತ್ತರಾಗಿ ಹೋಗಿದ್ದರು. ಇವತ್ತಿಗೂ ಚುಚ್ಚುತ್ತೆ.

ಎಲ್ಲರೂ ಒಪ್ಪೋ ಹೆಸರು ಒಂದೇ, ಹೊಸೆ ಮಾರ್ತಿ. 1895ರಲ್ಲಿ ಸ್ಪೇನ್ ವಿರುದ್ಧ ಹೋರಾಡುತ್ತಾ ಸತ್ತ ಕವಿ. ಹವಾನಾ ವಿಮಾನ ನಿಲ್ದಾಣಕ್ಕೂ ಅವನ ಹೆಸರು, ಆ ಸರ್ಕಾರದ ವಿರುದ್ಧ ಅಮೆರಿಕ ನಡೆಸೋ ರೇಡಿಯೊಗೂ ಅವನದೇ ಹೆಸರು.

ಗ್ರೀನ್ ಕಾರ್ಡ್ ಮಾತು ಎಚ್ಚರ. 1966ರ ಕಾಯ್ದೆಯಿಂದ ಕಾನೂನು ಪ್ರಕಾರ ಒಳಬಂದ ಕ್ಯೂಬನ್ನರಿಗೆ ಒಂದು ವರ್ಷ ಒಂದು ದಿನಕ್ಕೆ ಅರ್ಜಿ ಹಾಕೋ ಅವಕಾಶ. ನಮ್ಮ ಸಾಲಿನ ಉದ್ದ ನೆನೆದರೆ ಹೊಟ್ಟೆ ಉರಿಯುತ್ತೆ, ಸಹಜ. ಆದರೆ ಈಚೆಗೆ ಬಂದ ಎಷ್ಟೋ ಜನರ ಕೈಲಿರೋದು ಐ-220ಎ ಅನ್ನೋ ಬಿಡುಗಡೆ ಹಾಳೆ. ಅದು ಪರೋಲ್, ಅಂದ್ರೆ ಕಾನೂನು ಪ್ರಕಾರ ಒಳಬಿಟ್ಟ ಅನುಮತಿ, ಅಲ್ಲ ಅಂತ 2023ರ ಸೆಪ್ಟೆಂಬರ್‌ನಲ್ಲಿ ವಲಸೆ ಮೇಲ್ಮನವಿ ಮಂಡಳಿ ಹೇಳಿದ ಮೇಲೆ ಅವರೂ ಅತಂತ್ರ. 'ನಿಮಗೇನಪ್ಪಾ ಸುಲಭ' ಅನ್ನಬೇಡ.

ಕಾಫಿಯಲ್ಲಿ ನಮಗೆ ನೆಂಟಸ್ತನ ಇದೆ. ಹೋಟೆಲಿನ ಬೀದಿ ಕಿಟಕಿ 'ವೆಂತಾನಿತ'ದಲ್ಲಿ 'ಕೊಲಾದ' ಕೇಳಿದರೆ ಒಂದು ಲೋಟ ಡಿಕಾಕ್ಷನ್, ಜೊತೆಗೆ ಬೆರಳ ಗಾತ್ರದ ಪ್ಲಾಸ್ಟಿಕ್ ಕಪ್ಪುಗಳು. ಅದು ಬೈ ಟೂ ಅಲ್ಲ, ಬೈ ಫೈವ್. ಒಬ್ಬನೇ ಕುಡಿದರೆ ರಾತ್ರಿ ನಿದ್ದೆ ಇಲ್ಲ, ಮರುದಿನ ಮರ್ಯಾದೆಯೂ ಇಲ್ಲ. ಸರದಿ ಪ್ರಕಾರ ತರಬೇಕು, ನಿನ್ನ ಸರದಿ ತಪ್ಪಿಸಬೇಡ. ಮನೇಲಿ ಮಾಡೋದಾದರೆ ಮೂರು ನಾಲ್ಕು ಚಮಚ ಸಕ್ಕರೆಗೆ ಮೊದಲು ಇಳಿಯೋ ಗಟ್ಟಿ ಡಿಕಾಕ್ಷನ್ ಒಂದು ಚಮಚ ಹಾಕಿ, ಬಣ್ಣ ತಿಳಿಯಾಗೋವರೆಗೆ ಬಡಿ. ಆಮೇಲೆ ಉಳಿದದ್ದು ಸುರಿ, ನೊರೆ ಮೇಲೇಳುತ್ತೆ. ಮೊದಲ ಚಮಚ ಜಾಸ್ತಿಯಾದರೆ ಸಕ್ಕರೆ ಪಾಕವಾಗಿಬಿಡುತ್ತೆ, ನೊರೆ ಬರಲ್ಲ.

ಊಟ: ಇಲ್ಲಿ 'ಕಾರ್ನೆ' (ಮಾಂಸ) ಇಲ್ಲದೆ ಕೊಡಿ ಅಂದರೆ ದನದ ಮಾಂಸ ಇಲ್ಲದೆ ಅಂತ ತಿಳಿದು ಹಂದಿ ಹಾಕಿಬಿಡಬಹುದು. ಕಪ್ಪು ಬೀನ್ಸ್‌ನಲ್ಲಿ ಹ್ಯಾಮ್, ಕ್ಯೂಬನ್ ಬ್ರೆಡ್ಡಿನಲ್ಲಿ ಹಂದಿ ಕೊಬ್ಬು. 'ಸಿನ್ ಹಮೋನ್, ಸಿನ್ ಮಂತೇಕಾ', ಹ್ಯಾಮ್ ಬೇಡ, ಹಂದಿ ಕೊಬ್ಬು ಬೇಡ, ಅಂತ ಎರಡೂ ಹೇಳು. ಅನ್ನ, ಬಾಳೆಹಣ್ಣಿನ ಕರಿದ ಹೋಳು, ಮರಗೆಣಸು ಸಿಗುತ್ತೆ, ಕರಿದದ್ದು ಯಾವ ಎಣ್ಣೆಯಲ್ಲಿ ಅಂತ ಕೇಳು. ಬೀನ್ಸ್ ಮನೇಲೇ ಮಾಡೋದು ವಾಸಿ: ಒಂದು ಪೌಂಡ್ ರಾತ್ರಿ ನೆನೆಹಾಕಿ, ದಪ್ಪ ಮೆಣಸಿನಕಾಯಿ, ಈರುಳ್ಳಿ, ಬೆಳ್ಳುಳ್ಳಿ, ಜೀರಿಗೆ, ಪಲಾವ್ ಎಲೆ. ವಿನೆಗರ್ ಬೆಂದ ಮೇಲೆ ಹಾಕು, ಮೊದಲೇ ಹಾಕಿದರೆ ಕಾಳು ಮೆತ್ತಗಾಗಲ್ಲ. ಡಿಸೆಂಬರ್ 24ರ ರಾತ್ರಿ ಹಂದಿ ಸುಡೋ ಹಬ್ಬಕ್ಕೆ ಕರೆದರೆ ಹೋಗು, ಚಿತ್ರಾನ್ನ ಒಯ್ಯಿ, ಮೆಣಸಿನಕಾಯಿ ಕಾಲುಭಾಗ ಸಾಕು. ಇವರ ಅಡುಗೆಗೆ ಖಾರ ಗೊತ್ತಿಲ್ಲ.

ತಲೆಯಿಂದ ಕಾಲಿನವರೆಗೆ ಬಿಳಿ ಉಟ್ಟವರು ಸಿಕ್ಕರೆ ಕೈ ಚಾಚಬೇಡ. ಆಫ್ರಿಕಾ ಮೂಲದ ಕ್ಯೂಬನ್ ಧರ್ಮ ಸಾಂತೆರಿಯದ ದೀಕ್ಷೆ ಪಡೆದವರಿಗೆ ಒಂದು ವರ್ಷ ವ್ರತ. ಅಯ್ಯಪ್ಪ ಮಾಲೆಯವರ ಹತ್ತಿರ ನಡೆದುಕೊಳ್ಳೋ ಹಾಗೆ ನಡೆದುಕೋ.

ಕುಕ್ಕರ್ ಹೊತ್ತು ತರಬೇಡ. ಬೀನ್ಸ್ ಬೇಯಿಸೋ ಜನ ಇವರು, ಹಯಲಿಯಾದಲ್ಲಿ ಬೇಕಾದಷ್ಟು ಸಿಗುತ್ತೆ. ಸೀಟಿ ಮಾತ್ರ ಕೂಗಲ್ಲ, ಮೇಲಿನ ತೂಕ ಅಲ್ಲಾಡುತ್ತಾ ಛಿಸ್ ಛಿಸ್ ಅನ್ನುತ್ತಿರುತ್ತೆ. ಸಂಜೆ ಆರಕ್ಕೆ ಪಕ್ಕದ ಮನೆಯಿಂದ ಅದು ಕೇಳಿದಾಗ ಎಷ್ಟು ಸೀಟಿ ಆಯ್ತು ಅಂತ ಎಣಿಸೋಕೆ ಹೋಗ್ತೀಯ, ಎಣಿಸೋಕೆ ಆಗಲ್ಲ. ನಮ್ಮ ಕಡೆಯದೇ ಬೇಕು ಅಂದರೆ ಮೂರು ಲೀಟರಿನದು ತಾ, ಗ್ಯಾಸ್ಕೆಟ್ ಎರಡು ಜಾಸ್ತಿ ಇಟ್ಟುಕೋ.